ಉಣ್ಣೆ ಜ್ವರ, ಬೆಕ್ಕಿನ ಮರಿ ಮತ್ತು ಲ್ಯಾಬಿನ ಒಂದು ಸೋಮವಾರ

ಮುಂಗಾರು ಶುರುವಾಗಿ ದನದ ಮೈಗೆ ಕಚ್ಚಿ ರಕ್ತ ಹೀರುವ ಉಣ್ಣೆ ಹುಳು ಜಾಸ್ತಿಯಾಯಿತು ಅಂದರೆ ನಮ್ಮ ಲ್ಯಾಬಿಗೆ ನೇರಳೆ ಮುಚ್ಚಳದ ರಕ್ತದ ಟ್ಯೂಬುಗಳು ಒಂದರ ಹಿಂದೊಂದು ಬರುತ್ತವೆ. ನಾನು ಪಶುವೈದ್ಯಕೀಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ದನದ ರಕ್ತ, ಸಗಣಿ, ಹಾಲು, ಇತ್ತೀಚೆಗೆ ಬೆಕ್ಕು ನಾಯಿಗಳ ಸ್ಯಾಂಪಲ್ಲೂ ನಮ್ಮ ಮೇಜಿಗೇ ಬರುತ್ತವೆ. ಹೋದ ವರ್ಷ ಜೂನ್ ತಿಂಗಳ ಒಂದು ಸೋಮವಾರದ ಬಗ್ಗೆ ಬರೆಯಬೇಕು ಅಂತ ಆವಾಗಿನಿಂದ ಅನಿಸುತ್ತಿತ್ತು.

ಅರಸೀಕೆರೆ ಕಡೆಯ ರೈತರೊಬ್ಬರು ಬೆಳಿಗ್ಗೆ ನಾವು ಬಾಗಿಲು ತೆಗೆಯುವ ಮೊದಲೇ ಬಂದು ನಿಂತಿದ್ದರು. ಥರ್ಮಾಸ್‌ನಲ್ಲಿ ಐಸ್ ನಡುವೆ ರಕ್ತದ ಟ್ಯೂಬು, ಜೇಬಿನಲ್ಲಿ ಪೇಪರ್ ಸುತ್ತಿದ ಗಾಜಿನ ಸ್ಲೈಡು. ಅವರ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಮಿಶ್ರ ತಳಿಯ ಹಸು ಕರು ಹಾಕಿ ತಿಂಗಳು ಕಳೆದಿತ್ತು. ದಿನಕ್ಕೆ 14 ಲೀಟರ್ ಕೊಡುತ್ತಿದ್ದದ್ದು 2 ಲೀಟರಿಗೆ ಇಳಿದಿತ್ತು. ಮೇವು ಬಿಟ್ಟಿತ್ತು, ಮೆಲುಕು ಹಾಕುತ್ತಿರಲಿಲ್ಲ. ಊರಲ್ಲಿ ಯಾರೋ ಜ್ವರದ ಇಂಜೆಕ್ಷನ್ ಕೊಡುತ್ತಾ ಹೋದರಂತೆ. ಜ್ವರ ಇಳಿಯುವುದು, ಮರುದಿನ ಮತ್ತೆ 105 ಡಿಗ್ರಿ. ಕೊನೆಗೆ ತಾಲ್ಲೂಕಿನ ಡಾಕ್ಟರು ಬಂದು ಭುಜದ ಮುಂದಿನ ಗಂಟು ಊದಿರುವುದನ್ನು ಮುಟ್ಟಿ ನೋಡಿ, ಕಣ್ಣಿನ ರೆಪ್ಪೆ ಬಿಳಚಿಕೊಂಡಿದ್ದು ಕಂಡು, ಕಿವಿ ತುದಿಯಿಂದ ಒಂದು ಹನಿ ರಕ್ತ ತೆಗೆದು ಸ್ಲೈಡ್ ಮಾಡಿ ಕಳಿಸಿದ್ದರು. ಜೊತೆಗಿದ್ದ ಫಾರಂ ನೋಡಿ ನನಗೆ ತುಂಬಾ ಖುಷಿಯಾಯಿತು. ಜ್ವರ ಎಷ್ಟು, ಕರು ಹಾಕಿದ್ದು ಯಾವಾಗ, ಏನೇನು ಔಷಧಿ ಆಗಿದೆ, ಮೈಮೇಲೆ ಉಣ್ಣೆ ಇದೆಯಾ, ಎಲ್ಲಾ ಬರೆದಿದ್ದರು. "ಹಸು, ಜ್ವರ" ಅಂತ ಎರಡೇ ಪದ ಬರೆದು ಬರುವ ಟ್ಯೂಬುಗಳ ಮುಂದೆ ಕೂತು ಏನು ಹುಡುಕಬೇಕು ಹೇಳಿ?

ಸ್ಲೈಡನ್ನು ಮೆಥನಾಲ್‌ನಲ್ಲಿ ಅದ್ದಿ, ರಕ್ತಕಣಗಳು ಎದ್ದು ಕಾಣುವಂತೆ ಮಾಡುವ ಜೀಮ್ಸಾ ಬಣ್ಣ ಹಾಕಿಟ್ಟೆ. ಬಣ್ಣ ಹಿಡಿಯಲು ಅರ್ಧ ಗಂಟೆಗೂ ಮೇಲೆ ಬೇಕು. ಆ ಸಮಯದಲ್ಲಿ ಇನ್ನೊಂದು ಊರಿನಿಂದ ಬಂದಿದ್ದ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿನೀರು) ನೋಡಿದೆ. ಏಳನೇ ತಿಂಗಳಿಗೆ ಗರ್ಭ ಕಳಕೊಂಡ ಹಸುವಿನದು. ಒಂದು ಹನಿ ಸೀರಂ, ಒಂದು ಹನಿ ಗುಲಾಬಿ ಬಣ್ಣದ ಆಂಟಿಜೆನ್ (ಪರೀಕ್ಷೆಯ ದ್ರಾವಣ) ಬೆರೆಸಿ ನಾಲ್ಕು ನಿಮಿಷ ಮೆಲ್ಲಗೆ ಅಲ್ಲಾಡಿಸಿದೆ. ಹಾಲು ಒಡೆದ ಹಾಗೆ ಕಾಳು ಕಾಳಾಯಿತು. ದನಗಳಲ್ಲಿ ಗರ್ಭಪಾತ ಮಾಡಿಸುವ ಬ್ರೂಸೆಲ್ಲಾ ಎಂಬ ಬ್ಯಾಕ್ಟೀರಿಯಾದ ಅನುಮಾನ. ಇದು ಮನುಷ್ಯರಿಗೂ ಬರುವ ಕಾಯಿಲೆ. ಗರ್ಭ ಕಳಕೊಂಡ ಹಸುವಿನ ಕಸವನ್ನು (ಮಾಸನ್ನು) ಬರಿಗೈಯಲ್ಲಿ ಎತ್ತಬೇಡಿ, ಹಸಿ ಹಾಲು ಕುಡಿಯಬೇಡಿ ಅಂತ ಅಲ್ಲಿನ ಡಾಕ್ಟರಿಗೆ ಆಗಲೇ ಫೋನ್ ಮಾಡಿ ಹೇಳಿಸಿದೆ. ಹೆಣ್ಣು ಕರುವಿಗೆ 4ರಿಂದ 8 ತಿಂಗಳೊಳಗೆ ಲಸಿಕೆ ಹಾಕಿಸಿದರೆ ಈ ಪಾಡಿನಿಂದ ಎಷ್ಟೋ ಮಟ್ಟಿಗೆ ತಪ್ಪಿಸಿಕೊಳ್ಳಬಹುದು.

ಆಮೇಲೆ ಸ್ಲೈಡು ತೊಳೆದು, ಒಣಗಿಸಿ, ಎಣ್ಣೆ ಹನಿ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟೆ. ಕೆಂಪು ರಕ್ತಕಣಗಳ ಒಳಗೆ ಸಣ್ಣ ಸಣ್ಣ ನೀಲಿ ಉಂಗುರ, ಪ್ರತಿಯೊಂದರ ಅಂಚಲ್ಲಿ ಕೆಂಪು ಚುಕ್ಕೆ. ಥೈಲೇರಿಯಾ, ಉಣ್ಣೆ ಹರಡುವ ರಕ್ತದ ಪರಾವಲಂಬಿ. ಹಿಮೋಗ್ಲೋಬಿನ್ ಬರೀ 5 ಗ್ರಾಂ, ಹಸುವಿಗೆ 8ಕ್ಕಿಂತ ಮೇಲಿರಬೇಕು.

ರೈತರನ್ನು ಕರೆದು ತೋರಿಸಿದೆ. ಒಂದು ಕಣ್ಣು ಮುಚ್ಚಿ ತುಂಬಾ ಹೊತ್ತು ನೋಡಿದರು.

"ಮೇಡಮ್ಮೋರೆ, ಇಷ್ಟು ಚಿಕ್ಕ ಚುಕ್ಕೆನಾ ನನ್ನ ಹಸೂನ ಕೆಡವಿದ್ದು?"

"ಹೌದಣ್ಣ. ಉಣ್ಣೆ ಕಚ್ಚಿದಾಗ ಒಳಗೆ ಹೋಗಿರೋದು."

"ಹಂಗಾದ್ರೆ ಕೊಟ್ಟಿದ್ದ ಇಂಜೆಕ್ಷನ್ ಎಲ್ಲಾ ದಂಡಾನಾ?"

ಇದನ್ನೇ ನಾನು ಎಲ್ಲರಿಗೂ ಹೇಳುವುದು. ಉಣ್ಣೆಯಿಂದ ಬರುವ ಜ್ವರಗಳು ಹೊರಗಿನಿಂದ ಒಂದೇ ಥರ ಕಾಣಬಹುದು. ಆದರೆ ಥೈಲೇರಿಯಾಕ್ಕೆ ಬುಪಾರ್ವಾಕ್ವೋನ್ ಬೇಕು, ಕಾಫಿ ಬಣ್ಣದ ಮೂತ್ರ ಹೋಗುವ ಬೆಬೇಸಿಯಾ ಎಂಬ ಇನ್ನೊಂದು ಪರಾವಲಂಬಿಗೆ ಡೈಮಿನಾಜೀನ್, ಅನಾಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾಕ್ಕೆ ಟೆಟ್ರಾಸೈಕ್ಲಿನ್. ಒಂದರ ಔಷಧಿ ಇನ್ನೊಂದಕ್ಕೆ ಕೊಟ್ಟರೆ ದುಡ್ಡೂ ಹೋಗುತ್ತದೆ, ಅದಕ್ಕಿಂತ ಮುಖ್ಯವಾಗಿ ಹಸುವಿನ ರಕ್ತ ದಿನೇ ದಿನೇ ಇಳಿಯುತ್ತದೆ. ಒಂದು ಹನಿ ರಕ್ತ ಮೊದಲ ದಿನವೇ ಬಂದಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ನನಗೆ ಹೊಟ್ಟೆ ಉರಿಯುತ್ತದೆ.

ಮಧ್ಯಾಹ್ನ ಕಾಲೇಜು ಹುಡುಗಿಯೊಬ್ಬಳು ತರಕಾರಿ ಬುಟ್ಟಿಯಲ್ಲಿ ಬೆಕ್ಕಿನ ಮರಿ ತಂದಳು. ವಾಂತಿ, ಭೇದಿ, ನೀರಿನ ಬಟ್ಟಲ ಮುಂದೆ ತಲೆ ಬಗ್ಗಿಸಿ ಕೂರುವುದು, ಆದರೆ ಕುಡಿಯದೇ ಇರುವುದು. ಡಾಕ್ಟರು ಹತ್ತಿ ಕಡ್ಡಿಯಲ್ಲಿ (ಸ್ವಾಬ್) ಸ್ಯಾಂಪಲ್ ತೆಗೆದು ಕೊಟ್ಟರು. ನಾಯಿಯ ಪಾರ್ವೋ ವೈರಸ್ ಪತ್ತೆ ಮಾಡುವ ಟೆಸ್ಟ್ ಕಾರ್ಡಿನಲ್ಲೇ, ಬಿಳಿ ರಕ್ತಕಣ ಇಳಿಸುವ ಬೆಕ್ಕಿನ ಪ್ಯಾನ್‌ಲುಕೋಪೀನಿಯಾ ವೈರಸ್ಸೂ ಸಿಗುತ್ತದೆ. ಎರಡು ಗೆರೆ ಬಂತು, ಅಂದರೆ ವೈರಸ್ ಇದೆ. ರಕ್ತದಲ್ಲಿ ಬಿಳಿ ಕಣಗಳು ಹೆಚ್ಚುಕಡಿಮೆ ಖಾಲಿ. ಮೆಷಿನ್ ಪ್ಲೇಟ್‌ಲೆಟ್ಟೂ (ರಕ್ತ ಹೆಪ್ಪುಗಟ್ಟಿಸುವ ಕಣ) ತೀರಾ ಕಡಿಮೆ ಅಂತ ತೋರಿಸಿತು. ಆದರೆ ಬೆಕ್ಕಿನ ಪ್ಲೇಟ್‌ಲೆಟ್‌ಗಳು ಬೇಗ ಗುಂಪುಗೂಡುತ್ತವೆ, ಮೆಷಿನ್‌ಗೆ ಅವು ಲೆಕ್ಕಕ್ಕೇ ಸಿಗುವುದಿಲ್ಲ. ಸ್ಲೈಡ್ ಮಾಡಿ ನೋಡಿದರೆ ಅಂಚಿನಲ್ಲಿ ಗೊಂಚಲು ಗೊಂಚಲಾಗಿ ಇದ್ದವು. ಅದಕ್ಕೇ ಮೆಷಿನ್ ಇದ್ದರೂ ಕಣ್ಣಿಟ್ಟು ನೋಡುವ ಕೆಲಸ ಬಿಡಬಾರದು.

"ಮನೇಲಿ ಇನ್ನೊಂದು ಮರಿ ಇದೆ ಅಕ್ಕಾ" ಅಂದಳು. ಅದನ್ನು ತಕ್ಷಣ ಬೇರೆ ಕೋಣೆಯಲ್ಲಿಡು, ಈ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಇರುತ್ತದೆ, ಬ್ಲೀಚಿಂಗ್ ಹಾಕಿ ತೊಳಿ, ಲಸಿಕೆ ಯಾವಾಗ ಅಂತ ಡಾಕ್ಟರನ್ನು ಕೇಳು ಅಂದೆ. ಡ್ರಿಪ್ ಹಾಕಿದರೂ ಬುಟ್ಟಿಯಲ್ಲಿದ್ದ ಮರಿ ಉಳಿಯಲಿಲ್ಲ. ಮನೆಯಲ್ಲಿದ್ದ ಮರಿಗೆ ಏನೂ ಆಗಲಿಲ್ಲ, ಆಮೇಲೆ ಅದಕ್ಕೆ ಲಸಿಕೆಯೂ ಆಯಿತು.

ಅರಸೀಕೆರೆಯ ಹಸು ಇಂಜೆಕ್ಷನ್ ಆದ ಮೇಲೆ ಮೇವು ಮುಟ್ಟಿತು. ಹಾಲು ಮೊದಲಿನಷ್ಟು ಬರಲಿಲ್ಲ, ಆದರೆ ಹಸು ಉಳಿಯಿತು. ಆ ರೈತರು ಮುಂದಿನ ತಿಂಗಳು ಮತ್ತೆ ಬಂದರು, ಪಕ್ಕದ ಮನೆಯವರ ಹಸುವಿನ ರಕ್ತ ಹಿಡಿದು. ಜ್ವರ ಬಂದ ದಿನವೇ ಡಾಕ್ಟರ ಹತ್ತಿರ ತೆಗೆಸಿದ್ದಂತೆ. "ಇನ್ನೂ ಯಾವ ಸೂಜೀನೂ ಚುಚ್ಚಿಲ್ಲ ಮೇಡಮ್ಮೋರೆ, ಮೊದ್ಲು ನೀವು ನೋಡಿ" ಅಂದರು. ನೋಡಿದೆ. ಈ ಸಲ ಬೆಬೇಸಿಯಾ.