ದೇವರ ಹೆಸರಿಗಿಂತ ಮೊದಲು ರಿಪೇರಿಯ ಕಥೆ

ಯುರೋಪ್ ಪ್ರವಾಸಕ್ಕೆ ಬರುವ ಕನ್ನಡದ ತಂಡಗಳನ್ನು ಕರೆದುಕೊಂಡು ತಿರುಗುವುದು ನನ್ನ ಕೆಲಸ. ವೀಸಾ, ಊಟ, ಶೌಚಾಲಯ, ಮೊಣಕಾಲು ನೋವು ಇವೇ ಈ ಉದ್ಯೋಗದ ನಾಲ್ಕು ವೇದಗಳು. ಶಿಲ್ಪಕಲೆಯ ಸರದಿ ಬರುವುದು ಸಮಯ ಉಳಿದರೆ ಮಾತ್ರ. ಆದರೂ ರೋಮ್‌ನ ಒಂದು ವಿಗ್ರಹದ ಮುಂದೆ ಜನ ಫೋಟೊ ತೆಗೆದ ಮೇಲೂ ನಿಂತು ನೋಡುವಂತೆ ಮಾಡುವ ದಾರಿಯೊಂದು ನನಗೆ ಸಿಕ್ಕಿದೆ. ಈ ಕೆಲಸಕ್ಕೆ ಹೊಸದಾಗಿ ಬಂದವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ವಿಗ್ರಹದ ಹೆಸರು ಮಾರ್ಫೋರಿಯೊ. ಕ್ಯಾಪಿಟೋಲಿನ್ ಮ್ಯೂಸಿಯಂನ ಪಲಾಝೊ ನುವೊವೊ ಕಟ್ಟಡದ ಅಂಗಳದಲ್ಲಿ, ಕಾರಂಜಿಯ ಮೇಲೆ ಮೈಚಾಚಿ ಒರಗಿರುವ ಗಡ್ಡದ ದೈತ್ಯ. ರೋಮ್ ಸಾಮ್ರಾಜ್ಯದ ಕಾಲದ ಅಮೃತಶಿಲೆ. ಸಾಮಾನ್ಯವಾಗಿ ಗೈಡುಗಳು ಹೇಳುವುದು ಒಂದೇ ಸಾಲು: ‘ಇವನು ಓಷಿಯಾನಸ್, ಸಮುದ್ರ ದೇವರು.’ ಕೇಳಿದವರು ತಲೆಯಾಡಿಸುತ್ತಾರೆ, ಫೋಟೊ ತೆಗೆಯುತ್ತಾರೆ, ಮುಂದಕ್ಕೆ ಹೋಗುತ್ತಾರೆ. ಹೆಸರು ಸಿಕ್ಕಿತೆಂದರೆ ನೋಡುವ ಕೆಲಸ ಮುಗಿಯಿತೆಂದೇ ಲೆಕ್ಕ.

ನಮ್ಮವರಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. ವಿಗ್ರಹ ಕಂಡರೆ ಮೊದಲು ಕೈ ನೋಡುವುದು ನಮಗೆ ರೂಢಿ. ಸೋಮನಾಥಪುರದಲ್ಲೋ ಬೇಲೂರಿನಲ್ಲೋ ವಿಷ್ಣುವಿನ ಮೂರ್ತಿ ಕೇಶವನೋ ಜನಾರ್ದನನೋ ಎಂಬುದನ್ನು ಶಂಖ, ಚಕ್ರ, ಗದೆ, ಪದ್ಮ ಯಾವ ಕೈಯಲ್ಲಿವೆ ಎಂದು ನೋಡಿಯೇ ಹೇಳುತ್ತೇವೆ. ಮಾರ್ಫೋರಿಯೊನ ಕೈಯಲ್ಲಿ ಕಡಲ ಚಿಪ್ಪು ಇದೆ. ಹಾಗಾದರೆ ಸಮುದ್ರ ದೇವರೇ, ಸಂಶಯವೇನು? ಒಮ್ಮೆ ನಿವೃತ್ತ ಮೇಷ್ಟರೊಬ್ಬರು, “ನಮ್ಮ ವರುಣನಲ್ಲವೇ ಸರ್ ಇವನು?” ಎಂದು ತಾವೇ ತೀರ್ಮಾನ ಕೊಟ್ಟುಬಿಟ್ಟರು. “ಮೇಷ್ಟರೇ, ಆ ಚಿಪ್ಪು ಹಿಡಿದ ಕೈ ಹಳೆಯದಲ್ಲ” ಎಂದೆ. ಅವರು ಕನ್ನಡಕ ಸರಿಮಾಡಿಕೊಂಡು ವಿಗ್ರಹದ ಹತ್ತಿರ ಹೋದರು. ಹಿಂದೆಯೇ ತಂಡವೂ ಹೋಯಿತು.

ಅಂದಿನಿಂದ ನಾನು ಕಥೆಯನ್ನು ಕೈಯಿಂದಲೇ ಆರಂಭಿಸುತ್ತೇನೆ. 1594ರಲ್ಲಿ ರುಜ್ಜೆರೊ ಬೆಸ್ಕಾಪೆ ಎಂಬ ಶಿಲ್ಪಿ ಈ ಭಗ್ನ ವಿಗ್ರಹವನ್ನು ದುರಸ್ತಿ ಮಾಡಿದ. ಚಿಪ್ಪು ಹಿಡಿದ ಕೈ ಅವನು ಸೇರಿಸಿದ್ದು. ಅದಕ್ಕೆ ಮೊದಲು ಇದು ಒರಗಿದ ಗಡ್ಡದ ಮುದುಕ, ಅಷ್ಟೇ. ರೋಮನ್ನರು ನದಿ ದೇವತೆಗಳನ್ನೂ ಇದೇ ಭಂಗಿಯಲ್ಲಿ ಕೆತ್ತುತ್ತಿದ್ದುದರಿಂದ ಮೂಲದಲ್ಲಿ ಯಾವುದೋ ನದಿಯೇ ಆಗಿದ್ದಿರಬಹುದು. ಅವನಿಗೆ ಸಮುದ್ರದ ಅಧಿಕಾರ ಕೊಟ್ಟದ್ದು ಒಂದು ಉಳಿ.

ಇದು ಕಟ್ಟುಕಥೆ ಎಂದುಕೊಳ್ಳುವವರಿಗೆ ಸಾಕ್ಷಿ ಹೊರಗಿನ ಚೌಕದಲ್ಲೇ ಇದೆ. ಮೈಕೆಲಾಂಜೆಲೊ ರೂಪಿಸಿದ ಜೋಡಿ ಮೆಟ್ಟಿಲುಗಳ ಬುಡದಲ್ಲಿ ಎರಡು ನದಿ ದೇವತೆಗಳು ಒರಗಿವೆ: ಒಂದು ನೈಲ್, ಇನ್ನೊಂದು ರೋಮ್‌ನದೇ ನದಿ ಟೈಬರ್. ಈ ಟೈಬರ್ ಮೊದಲು ಟೈಗ್ರಿಸ್ ಆಗಿತ್ತು. ಪಕ್ಕದಲ್ಲಿದ್ದ ಹುಲಿಯ ಜಾಗಕ್ಕೆ ರೋಮ್ ಸ್ಥಾಪನೆಯ ಕಥೆಯ ತೋಳವನ್ನೂ ಎರಡು ಕೂಸುಗಳನ್ನೂ ತಂದಾಗ ಮೆಸೊಪೊಟೇಮಿಯಾದ ನದಿ ರೋಮ್‌ಗೆ ವರ್ಗವಾಯಿತು. ಸರ್ಕಾರಿ ನೌಕರಿಯಲ್ಲಿದ್ದವರು ಈ ಮಾತಿಗೆ ಮನಸಾರೆ ನಗುತ್ತಾರೆ.

ದಾರಿಯ ಕ್ರಮವೂ ಮುಖ್ಯ. ಟಿಕೆಟ್ ತೋರಿಸಿ ಒಳಗೆ ಹೋಗುವುದು ಎದುರಿನ ಕಟ್ಟಡದಿಂದ. ಅಲ್ಲಿಂದ ಚೌಕದ ಅಡಿಯ ಸುರಂಗದಲ್ಲಿ ನಡೆದು ಪಲಾಝೊ ನುವೊವೊ ಸೇರಬೇಕು. ನಡುವೆ ಟಬುಲೇರಿಯಂ ಎಂಬ ಪ್ರಾಚೀನ ರೋಮನ್ ಕಟ್ಟಡದ ಕಡೆಗೆ ತಿರುಗಿದರೆ ಇಡೀ ರೋಮನ್ ಫೋರಂ, ಅಂದರೆ ಹಳೆಯ ರೋಮ್‌ನ ನಡುಚೌಕದ ಅವಶೇಷ, ಕಣ್ಣ ಕೆಳಗೆ. ಬಹಳ ಗೈಡುಗಳು ಅವಸರದಲ್ಲಿ ಇದನ್ನು ಬಿಡುತ್ತಾರೆ. ನಾನು ಬಿಡುವುದಿಲ್ಲ. ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್‌ನ ಕಮಾನನ್ನು ತೋರಿಸಿ, 1588ರವರೆಗೆ ಅವನು ಅಲ್ಲೇ ಹತ್ತಿರ ಇದ್ದ ಎನ್ನುತ್ತೇನೆ. ಅವನು ಮಾರ್ಫೋರಿಯೊ ಎಂದು ಮಾತ್ರ ಆಗ ಹೇಳುವುದಿಲ್ಲ. ಸುರಂಗ ಮುಗಿಯುವವರೆಗೆ ಯಾರೂ ಕಾಲುನೋವಿನ ಮಾತೆತ್ತುವುದಿಲ್ಲ.

ಅಂಗಳದಲ್ಲಿ ರಿಪೇರಿಯ ಕಥೆ ಮುಗಿದ ಮೇಲೆ ಹರಟೆಯ ಕಥೆ. ರೋಮ್‌ನ ‘ಮಾತನಾಡುವ ಪ್ರತಿಮೆ’ಗಳಲ್ಲಿ ಮಾರ್ಫೋರಿಯೊನೂ ಒಬ್ಬ. ಪಿಯಾಜ್ಜಾ ನವೋನದ ಬಳಿ 1501ರಲ್ಲಿ ನಿಲ್ಲಿಸಿದ ಪಾಸ್ಕ್ವಿನೊ ಅವನ ಜೊತೆಗಾರ. ಪೋಪರನ್ನು ಹಂಗಿಸುವ ಚೀಟಿಗಳನ್ನು ಜನ ರಾತ್ರೋರಾತ್ರಿ ಅಂಟಿಸುತ್ತಿದ್ದರು. ಒಬ್ಬನದು ಪ್ರಶ್ನೆ, ಇನ್ನೊಬ್ಬನದು ಉತ್ತರ. ಐದನೆಯ ಸಿಕ್ಸ್ಟಸ್ ಪೋಪ್ ಆದಾಗ, ‘ಏಕಯ್ಯಾ ಕೊಳಕು ಅಂಗಿ?’ ಎಂದು ಮಾರ್ಫೋರಿಯೊ ಕೇಳಿದನಂತೆ. ‘ಏನು ಮಾಡಲಿ, ನನ್ನ ಬಟ್ಟೆ ಒಗೆಯುವವಳು ಈಗ ರಾಜಕುಮಾರಿ’ ಎಂದನಂತೆ ಪಾಸ್ಕ್ವಿನೊ. ಪೋಪ್‌ನ ಸಹೋದರಿ ಹಿಂದೆ ಬಟ್ಟೆ ಒಗೆಯುತ್ತಿದ್ದಳು ಎಂಬುದು ಊರಿಗೆಲ್ಲ ಗೊತ್ತಿದ್ದ ಮಾತು. ಇದನ್ನು ಕೇಳಿ ನಗದ ತಂಡ ನನಗಿನ್ನೂ ಸಿಕ್ಕಿಲ್ಲ.

ಪಾಸ್ಕ್ವಿನೊನನ್ನೂ ತೋರಿಸಿಯೇ ಬನ್ನಿ. ತೋಳಿಲ್ಲ, ಮುಖವೆಲ್ಲ ಸವೆದುಹೋಗಿದೆ. ಅವನಿಗೆ ಯಾರೂ ಹೊಸ ಕೈ ಜೋಡಿಸಲಿಲ್ಲ. ಟ್ರೋಜನ್ ಯುದ್ಧದ ಮೆನೆಲಾಸ್ ಇರಬೇಕೆಂದು ವಿದ್ವಾಂಸರು ಹೇಳುತ್ತಾರೆ. ಸೊಗಸಾದ ಸಮುದ್ರ ದೇವರು ಮ್ಯೂಸಿಯಂ ಸೇರಿ ಬಾಯಿ ಮುಚ್ಚಿಕೊಂಡ; ಬೀದಿಯಲ್ಲೇ ಉಳಿದ ಈ ಮೂಗು ಮುರುಕನ ಪಕ್ಕದ ಫಲಕಕ್ಕೆ ಇವತ್ತಿಗೂ ಚೀಟಿ ಅಂಟಿಸುತ್ತಾರೆ. ನನಗೆ ಇಷ್ಟ ಇವನೇ.

ಇಷ್ಟೆಲ್ಲ ಕೇಳಿದವರು ಟ್ರೆವಿ ಕಾರಂಜಿಗೆ ಬಂದಾಗ ತಾವಾಗಿಯೇ ಪ್ರಶ್ನೆ ಹಾಕುತ್ತಾರೆ: ತ್ರಿಶೂಲ ಎಲ್ಲಿ? ತ್ರಿಶೂಲ ಹಿಡಿಯುವ ರೋಮನ್ ಸಮುದ್ರ ದೇವರು ನೆಪ್ಚೂನ್ ಎಂದು ಎಲ್ಲರೂ ಕರೆಯುವ ಆ ನಡುವಿನ ಮೂರ್ತಿ ನಿಜಕ್ಕೂ ಓಷಿಯಾನಸ್, ಪಿಯೆತ್ರೊ ಬ್ರಾಚ್ಚಿ ಕೆತ್ತಿದ್ದು. 18ನೇ ಶತಮಾನದ ಕೆಲಸ. ಇಲ್ಲಿ ಕೈ ನೋಡಿ ಮಾತನಾಡಬಹುದು, ಅನಂತರ ಅಂಟಿಸಿದ ಕೈಯಲ್ಲ.

ಟ್ರೆವಿಯಿಂದ ಸ್ವಲ್ಪ ಮೇಲೆ ಹತ್ತಿದರೆ ಕ್ವಿರಿನಾಲೆ ಚೌಕ. ಅಲ್ಲಿನ ಕಾರಂಜಿಯ ದೊಡ್ಡ ಗ್ರಾನೈಟ್ ತೊಟ್ಟಿ ಒಂದು ಕಾಲದಲ್ಲಿ ಮಾರ್ಫೋರಿಯೊನ ಪಕ್ಕದಲ್ಲಿದ್ದದ್ದು. ಫೋರಂನಲ್ಲಿ ದನ ಮೇಯುತ್ತಿದ್ದಾಗ ಅವುಗಳಿಗೆ ನೀರು ಕುಡಿಸಿ, 1818ರಲ್ಲಿ ಇಲ್ಲಿಗೆ ಬಂತು. ತಂಡದಲ್ಲಿ ಅರ್ಧ ಜನ ನನ್ನ ಜೊತೆ ಏರು ಹತ್ತುತ್ತಾರೆ. ಉಳಿದವರು ಐಸ್‌ಕ್ರೀಮ್ ಅಂಗಡಿಗೆ ಹೋಗುತ್ತಾರೆ. ಅವರನ್ನು ನಾನು ಒತ್ತಾಯಿಸುವುದಿಲ್ಲ. ಅಲ್ಲಿನ ಪಿಸ್ತಾ ಐಸ್‌ಕ್ರೀಮ್ ಚೆನ್ನಾಗಿಯೇ ಇರುತ್ತದೆ.