ಎಂಎಲ್‌ಎ ಫೋನು, ಎಂಪಿ ಪತ್ರ

ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಬ್ರಿಟನ್ನಿನ ಪಾರ್ಲಿಮೆಂಟ್ ಚುನಾವಣೆಯಲ್ಲಿ ವೋಟು ಹಾಕಬಹುದು. ಊರಲ್ಲಿ ಯಾರಿಗೆ ಹೇಳಿದರೂ ಮೊದಲು ನಂಬುವುದಿಲ್ಲ. ಭಾರತದಂಥ ಕಾಮನ್‌ವೆಲ್ತ್ ದೇಶದವರು ನಾನಿರುವ ಈ ಬ್ರಿಟನ್ನಿನಲ್ಲಿ ವಾಸವಿದ್ದು, ವೀಸಾ ಸರಿಯಾಗಿದ್ದರೆ ಮತದಾರರ ಪಟ್ಟಿಗೆ ಹೆಸರು ಸೇರಿಸಬಹುದು. ಕಲಬುರಗಿ ಕಡೆಯ ಡಾ. ನೀರಜ್ ಪಾಟೀಲ್ ಅವರು ಲಂಡನ್ನಿನ ಲ್ಯಾಂಬೆತ್‌ನಲ್ಲಿ ಕೌನ್ಸಿಲರ್ ಆಗಿ ಗೆದ್ದು ಮೇಯರ್ ಕೂಡ ಆದರು. ಥೇಮ್ಸ್ ನದಿ ದಂಡೆಯಲ್ಲಿ 2015ರಲ್ಲಿ ಬಸವಣ್ಣನವರ ಪ್ರತಿಮೆ ನಿಂತಿದ್ದರ ಹಿಂದೆ ಇದ್ದವರೂ ಅವರೇ. ಆದರೂ ನಮ್ಮವರು ಎಷ್ಟೋ ಜನ ಹತ್ತು ವರ್ಷ ಇಲ್ಲಿ ದುಡಿದು ತೆರಿಗೆ ಕಟ್ಟಿದ್ದರೂ ತಮ್ಮ ಎಂಪಿ ಯಾರು ಅಂತ ಕೇಳಿದರೆ ಮುಖ ಮುಖ ನೋಡುತ್ತಾರೆ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ. ಯಾಕೆಂದರೆ ಇಲ್ಲಿನ ಎಂಪಿ ಹತ್ತಿರ ಹೋಗುವುದು ಅಷ್ಟು ಸುಲಭ.

ನನ್ನ ಹೆಂಡತಿಯ ಒಂದು ಅರ್ಜಿ ಸರ್ಕಾರಿ ಕಚೇರಿಯೊಂದರಲ್ಲಿ ತಿಂಗಳುಗಟ್ಟಲೆ ಕೂತುಬಿಟ್ಟಿತ್ತು. ಅದರ ತೀರ್ಮಾನ ಬರುವ ತನಕ ಅವಳು ದೇಶ ಬಿಟ್ಟು ಹೋಗುವ ಹಾಗಿರಲಿಲ್ಲ. ಅತ್ತ ತರೀಕೆರೆಯಲ್ಲಿ ಮಾವನಿಗೆ ಹುಷಾರಿರಲಿಲ್ಲ. ಫೋನ್ ಮಾಡಿದರೆ ಅದೇ ರೆಕಾರ್ಡ್ ಮಾಡಿದ ದನಿ, ಇ-ಮೇಲ್ ಮಾಡಿದರೆ ಅದೇ ಸಿದ್ಧ ಉತ್ತರ. ಪಕ್ಕದ ಮನೆಯ ನಿವೃತ್ತ ಬಸ್ ಡ್ರೈವರ್ ಹೇಳಿದರು, 'ಎಂಪಿಗೆ ಬರಿ, ಅದಕ್ಕೇ ಇರೋದು ಅವರು.'

ಬರೆದೆ. ಎಂಪಿ ಕಚೇರಿಯವರು ಮೊದಲು ಕೇಳಿದ್ದು ಮನೆ ವಿಳಾಸ ಮತ್ತು ಪೋಸ್ಟ್‌ಕೋಡ್. ನಮ್ಮ ಕ್ಷೇತ್ರದವರು ಹೌದೋ ಅಲ್ಲವೋ ಎಂದು ನೋಡಲು. ಬೇರೆ ಕ್ಷೇತ್ರದವರ ಕೆಲಸಕ್ಕೆ ಒಬ್ಬ ಎಂಪಿ ಕೈ ಹಾಕುವುದಿಲ್ಲ, ಅದು ಇಲ್ಲಿನ ಪದ್ಧತಿ. ಯಾವ ಪಕ್ಷ, ಯಾರಿಗೆ ವೋಟು ಹಾಕಿದಿರಿ, ಯಾರು ಕಳಿಸಿದರು, ಇದ್ಯಾವುದನ್ನೂ ಕೇಳಲಿಲ್ಲ. ಬರುವ ಶುಕ್ರವಾರ ಲೈಬ್ರರಿಗೆ ಬನ್ನಿ ಅಂದರು.

ಎಂಪಿಗಳು ಹೀಗೆ ಜನರನ್ನು ಭೇಟಿಯಾಗುವುದಕ್ಕೆ ಇಲ್ಲಿ ಸರ್ಜರಿ ಅನ್ನುತ್ತಾರೆ. ಹೆಚ್ಚಾಗಿ ಶುಕ್ರವಾರ, ಶನಿವಾರ. ಬಹುಪಾಲು ಶುಕ್ರವಾರಗಳಲ್ಲಿ ಪಾರ್ಲಿಮೆಂಟ್ ಕಲಾಪ ಇರುವುದಿಲ್ಲ, ಹಾಗಾಗಿ ಎಂಪಿಗಳು ಊರಿಗೆ ಬರುತ್ತಾರೆ. ಲೈಬ್ರರಿಯ ಹಿಂದಿನ ಚಿಕ್ಕ ರೂಮು. ಒಂದು ಮೇಜು, ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಎಂಪಿ, ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದ ಒಬ್ಬ ಸಹಾಯಕಿ, ಅಷ್ಟೇ. ನಮಗಿಂತ ಮುಂಚೆ ಒಬ್ಬ ಅಜ್ಜಿ ಇದ್ದರು. ಕೌನ್ಸಿಲ್ (ನಮ್ಮ ನಗರಸಭೆಯ ಹಾಗೆ) ಕೊಟ್ಟ ಮನೆಯ ಗೋಡೆ ತೇವ ಹಿಡಿದು ಬೂಷ್ಟು ಬಂದಿದ್ದರ ಫೋಟೊಗಳನ್ನು ಪ್ರಿಂಟ್ ಹಾಕಿಸಿ ಒಂದು ಫೈಲಲ್ಲಿ ತಂದಿದ್ದರು. ಒಬ್ಬೊಬ್ಬರಿಗೂ ಕಾಲು ಗಂಟೆ. ನಮ್ಮ ಸರದಿ ಬಂದಾಗ ಎಂಪಿ ಅರ್ಜಿ ನಂಬರು ಕೇಳಿದರು, ತಾರೀಖು ಕೇಳಿದರು, ನಮ್ಮ ಪರವಾಗಿ ವಿಚಾರಿಸಲು ಒಪ್ಪಿಗೆಯ ಸಹಿ ಹಾಕಿಸಿಕೊಂಡರು. ಆಮೇಲೆ ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ: 'ನಿಮಗೆ ಕೊಟ್ಟುಬಿಡಿ ಅಂತ ಹೇಳೋ ಅಧಿಕಾರ ನನಗಿಲ್ಲ. ಯಾಕೆ ತಡ ಆಯ್ತು ಅಂತ ಕೇಳೋ ಅಧಿಕಾರ ಇದೆ. ಕೇಳ್ತೀನಿ.'

ಕೇಳಿದರು. ಇಲಾಖೆಯಿಂದ ಎಂಪಿಗೆ ಬಂದ ಉತ್ತರದ ಪ್ರತಿ ನಮ್ಮ ಮನೆಗೂ ಬಂತು. ಫೈಲು ಯಾವ ಹಂತದಲ್ಲಿದೆ, ಯಾಕೆ ನಿಂತಿದೆ, ಎಲ್ಲ ಬರಹದಲ್ಲಿ. ಅದಾಗಿ ಕೆಲವು ವಾರಕ್ಕೆ ಅರ್ಜಿ ಇತ್ಯರ್ಥವಾಯಿತು.

ಈಗ ನಮ್ಮೂರಿನ ವಿಷಯಕ್ಕೆ ಬರುತ್ತೇನೆ. ನಮ್ಮ ಎಂಎಲ್‌ಎಗಳು ಜನರಿಂದ ದೂರ ಇದ್ದಾರೆ ಅಂತ ನಾನು ಖಂಡಿತ ಹೇಳುವುದಿಲ್ಲ. ಬೆಳಿಗ್ಗೆ ಆರಕ್ಕೇ ಅವರ ಮನೆ ಮುಂದೆ ಜನ ಸೇರಿರುತ್ತಾರೆ. ಮದುವೆ, ಗೃಹಪ್ರವೇಶ, ಸಾವು, ಜಾತ್ರೆ ಎಲ್ಲಕ್ಕೂ ಬರುತ್ತಾರೆ. ರಾತ್ರಿ ಹನ್ನೆರಡಕ್ಕೆ ಆಸ್ಪತ್ರೆಯಲ್ಲಿ ಬೆಡ್ ಸಿಗಲಿಲ್ಲ ಅಂತ ಫೋನ್ ಮಾಡಿದರೂ ಎತ್ತುವವರಿದ್ದಾರೆ. ಇಲ್ಲಿನ ಎಂಪಿ ನಿಮ್ಮ ಮಗಳ ಮದುವೆಗೆ ಬರುವುದಿಲ್ಲ. ಭಾರವನ್ನೂ ನೋಡಬೇಕು. ಬ್ರಿಟನ್ನಿನ 650 ಎಂಪಿಗಳಲ್ಲಿ ಒಬ್ಬೊಬ್ಬರಿಗೆ ಸುಮಾರು 73,000 ಮತದಾರರು. ಕರ್ನಾಟಕದಲ್ಲಿ ಐದೂವರೆ ಕೋಟಿಯಷ್ಟು ಮತದಾರರಿಗೆ 28 ಲೋಕಸಭಾ ಸದಸ್ಯರು. ಅಂದರೆ ಒಬ್ಬರಿಗೆ ಹತ್ತಿರ ಹತ್ತಿರ ಇಪ್ಪತ್ತು ಲಕ್ಷ. 224 ಎಂಎಲ್‌ಎಗಳ ಲೆಕ್ಕ ಹಿಡಿದರೂ ತಲಾ ಎರಡು ಲಕ್ಷಕ್ಕೂ ಜಾಸ್ತಿ. ಇಲ್ಲಿನ ಎಂಪಿಯ ಸಿಬ್ಬಂದಿಗೆ ಸರ್ಕಾರಿ ಹಣದಿಂದ ಸಂಬಳವಿದೆ, ಅದರ ಲೆಕ್ಕ ನೋಡಲು ಸ್ವತಂತ್ರ ಸಂಸ್ಥೆಯೇ ಇದೆ. ಇಷ್ಟು ಅನುಕೂಲ ನಮ್ಮವರಿಗಿಲ್ಲ.

ಆದರೆ ಎಂಎಲ್‌ಎ ಮನೆ ಮುಂದೆ ನಿಂತವರಿಗೆ ಕೊನೆಗೆ ಸಿಗುವುದೇನು? ಒಂದು ಫೋನು. 'ನಮ್ಮ ಹುಡುಗ, ಸ್ವಲ್ಪ ನೋಡ್ಕೊಳ್ಳಿ.' ಆ ಫೋನಿನಿಂದ ಫೈಲು ಓಡುತ್ತದೆ, ನಿಜ. ಆದರೆ ಅದರ ಮುಂದಿದ್ದ ಹತ್ತು ಫೈಲು ಹಾಗೇ ಕೆಳಗೆ ಬೀಳುತ್ತವೆ. ಆ ಹತ್ತರಲ್ಲಿ ಎಂಎಲ್‌ಎ ಮನೆ ತನಕ ಹೋಗಲಾರದ ಒಬ್ಬ ವಿಧವೆಯದ್ದು ಇರಬಹುದು, ಬೇರೆ ಪಕ್ಷದವನು ಅಂತ ಹೆಸರಾದವನದ್ದು ಇರಬಹುದು. ಫೋನು ಯಾವ ಕಾಗದದಲ್ಲೂ ದಾಖಲಾಗುವುದಿಲ್ಲ. ಕೆಲಸ ಆಗದಿದ್ದರೆ ಯಾರನ್ನು ಕೇಳುವುದು? ಆಯಿತೆಂದರೆ ಜೀವಮಾನವಿಡೀ ಋಣ. ಎಂಪಿಯ ಪತ್ರಕ್ಕಾದರೆ ಇಲಾಖೆ ಉತ್ತರ ಬರೆಯಲೇಬೇಕು. ಬರೆದ ಉತ್ತರ ಫೈಲಿನಲ್ಲಿ ಉಳಿಯುತ್ತದೆ. ಒಂದೇ ಕಚೇರಿಯ ಬಗ್ಗೆ ನೂರು ಪತ್ರ ಹೋದರೆ ತೊಂದರೆ ಆ ಕಚೇರಿಯದ್ದೇ ಅಂತ ಎಂಪಿ ಪಾರ್ಲಿಮೆಂಟಿನಲ್ಲಿ ಎದ್ದು ನಿಂತು ಕೇಳಬಹುದು. ನನಗೆ ಇವೆರಡರಲ್ಲಿ ಆರಿಸಿಕೋ ಅಂದರೆ ಪತ್ರವೇ ಬೇಕು, ಅದು ನಿಧಾನವಾದರೂ ಸರಿ.

ಹಾಗಂತ ಇಲ್ಲಿ ಎಲ್ಲವೂ ಚೆನ್ನಾಗಿದೆ ಅಂತಲ್ಲ. ಸ್ವಂತ ಕಷ್ಟ ಹೇಳಿಕೊಂಡರೆ ಕೇಳುವ ಎಂಪಿ, ಒಂದು ಕಾನೂನಿನ ಬಗ್ಗೆ ಬರೆದರೆ ಪಕ್ಷದ ಸಿದ್ಧ ಉತ್ತರವನ್ನೇ ಕಳಿಸುತ್ತಾರೆ. ವೋಟಿಂಗ್ ಬಂದಾಗ ಹೆಚ್ಚಿನವರು ಪಕ್ಷದ ವಿಪ್ ಹೇಳಿದ ಹಾಗೆ ಹಾಕುತ್ತಾರೆ. ಎಂಪಿ ಯಾರ ಮಾತು ಕೇಳಬೇಕು ಎಂಬ ಈ ಜಗಳ ಹಳೆಯದು. 1774ರಲ್ಲಿ ಬ್ರಿಸ್ಟಲ್‌ನಿಂದ ಎಂಪಿಯಾಗಿ ಗೆದ್ದ ಎಡ್ಮಂಡ್ ಬರ್ಕ್ ಅಲ್ಲಿನ ಮತದಾರರಿಗೆ, ನನ್ನ ವಿವೇಕವನ್ನು ನಿಮ್ಮ ಅಭಿಪ್ರಾಯಕ್ಕೆ ಒಪ್ಪಿಸುವುದಿಲ್ಲ ಎಂಬರ್ಥದ ಮಾತು ಹೇಳಿದ್ದರು. 1780ರಲ್ಲಿ ಬ್ರಿಸ್ಟಲ್ ಅವರ ಕೈತಪ್ಪಿತು. ಈಗಂತೂ ಯಾವ ಎಂಪಿ ಯಾವ ಕಡೆ ವೋಟು ಹಾಕಿದರು, ಏನು ಮಾತಾಡಿದರು ಎಂಬುದನ್ನು 'ದೇ ವರ್ಕ್ ಫಾರ್ ಯು' ವೆಬ್‌ಸೈಟಿನಲ್ಲಿ ಪೋಸ್ಟ್‌ಕೋಡ್ ಹಾಕಿ ಯಾರು ಬೇಕಾದರೂ ನೋಡಬಹುದು. ನೀವು ಹೀಗೆ ವೋಟು ಹಾಕಿದ್ದು ಯಾಕೆ ಅಂತ ಕೇಳಲು ಅಷ್ಟು ಸಾಕು.

ಕ್ಷೇತ್ರದ ಕಡೆ ತಲೆ ಹಾಕದವರೂ ಇದ್ದಾರೆ. ಮಿಡ್ ಬೆಡ್‌ಫರ್ಡ್‌ಶೈರ್‌ನ ನೇಡಿನ್ ಡೋರಿಸ್ ವರ್ಷಕ್ಕೂ ಹೆಚ್ಚು ಕಾಲ ಪಾರ್ಲಿಮೆಂಟಿನಲ್ಲಿ ಬಾಯಿ ಬಿಡಲಿಲ್ಲ. 2023ರಲ್ಲಿ ಅವರ ಕ್ಷೇತ್ರದ ಟೌನ್ ಕೌನ್ಸಿಲ್‌ಗಳೇ ಪತ್ರ ಬರೆದು ರಾಜೀನಾಮೆ ಕೊಡಿ ಅಂದವು. 2015ರಲ್ಲಿ ಬಂದ ಕಾಯ್ದೆಯ ಪ್ರಕಾರ ಕ್ಷೇತ್ರದ ಶೇ. 10ರಷ್ಟು ಮತದಾರರು ಆರು ವಾರದೊಳಗೆ ಸಹಿ ಹಾಕಿದರೆ ಎಂಪಿ ಸ್ಥಾನ ಹೋಗುತ್ತದೆ. 2019ರಲ್ಲಿ ಪೀಟರ್‌ಬರೋ ಜನ ಮೊದಲ ಸಲ ಹಾಗೆ ಇಳಿಸಿದರು. ಆದರೆ ಎಂಪಿಗೆ ಜೈಲು ಶಿಕ್ಷೆ, ಸದನದಿಂದ ಅಮಾನತು, ಸುಳ್ಳು ಖರ್ಚಿನ ಲೆಕ್ಕಕ್ಕೆ ಶಿಕ್ಷೆ, ಇಂಥದ್ದೇನಾದರೂ ಆದರೆ ಮಾತ್ರ ಆ ದಾರಿ ತೆರೆಯುತ್ತದೆ. ಬರೀ ಕೆಲಸ ಮಾಡಲಿಲ್ಲ ಎಂಬುದಕ್ಕೆ ತೆರೆಯುವುದಿಲ್ಲ. ನನ್ನ ಮಟ್ಟಿಗೆ ಇದು ದೊಡ್ಡ ಕೊರತೆ.

ಜನರ ನಡುವೆ ಕೂರುವುದಕ್ಕೆ ಇಲ್ಲಿನ ಎಂಪಿಗಳು ತೆತ್ತ ಬೆಲೆಯನ್ನೂ ಹೇಳಲೇಬೇಕು. 2010ರಲ್ಲಿ ಸ್ಟೀಫನ್ ಟಿಮ್ಸ್ ಅವರಿಗೆ ಸರ್ಜರಿಯಲ್ಲೇ ಚಾಕು ಹಾಕಿದರು, ಅವರು ಬದುಕಿ ಉಳಿದರು. 2016ರ ಜೂನ್ 16ರಂದು ಬರ್ಸ್ಟಲ್ ಊರಿನಲ್ಲಿ, ಸರ್ಜರಿ ನಡೆಸಲು ಬಂದಿದ್ದ ಜೋ ಕಾಕ್ಸ್ ಅವರನ್ನು ಕೊಂದರು. 2021ರ ಅಕ್ಟೋಬರ್‌ನಲ್ಲಿ ಡೇವಿಡ್ ಏಮಿಸ್ ಅವರನ್ನು ಲೀ-ಆನ್-ಸೀಯ ಚರ್ಚಿನಲ್ಲಿ, ಜನರ ಅಹವಾಲು ಕೇಳುತ್ತಿದ್ದಾಗಲೇ ಕೊಂದರು. ನಾವು ಹೋದ ಲೈಬ್ರರಿಯ ಹೆಸರನ್ನು ಮೊದಲೇ ಬುಕ್ ಮಾಡಿದವರಿಗಷ್ಟೇ ತಿಳಿಸಿದ್ದರು. ಇಷ್ಟಾದರೂ ಸರ್ಜರಿ ನಿಂತಿಲ್ಲ. ಟಿಮ್ಸ್ ಆಮೇಲೂ ಗೆಲ್ಲುತ್ತಲೇ ಬಂದರು. ಇವರನ್ನು ಕಂಡರೆ ನನಗೆ ಗೌರವ.

ಪತ್ರದ ದಾರಿ ನಮ್ಮಲ್ಲಿ ಇಲ್ಲವೇ ಇಲ್ಲ ಅಂತಲೂ ಅಲ್ಲ. 2011ರ ಸಕಾಲ ಕಾಯ್ದೆ ಇದೆ. ಅರ್ಜಿ ಕೊಟ್ಟರೆ ಒಂದು ನಂಬರು ಸಿಗುತ್ತದೆ. ಹೇಳಿದ ದಿನದೊಳಗೆ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ತನಕ ಪರಿಹಾರ ಕೇಳಬಹುದು. ಎಂಎಲ್‌ಎ ಮನೆಯಲ್ಲಿ ಪಿಎ ಮೊದಲು ಕೇಳಬೇಕಾದ್ದು ಆ ನಂಬರನ್ನು, ಯಾವ ಊರು, ಯಾರ ಕಡೆಯವರು ಅಂತ ಅಲ್ಲ. ಬೆಂಗಳೂರಿನವರ ಪಾಡು ಇನ್ನೂ ಕಷ್ಟವಾಗಿತ್ತು. 2015ರಲ್ಲಿ ಗೆದ್ದ ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಮೋರಿ, ಬೀದಿದೀಪಕ್ಕೂ ಕೇಳಲು ವಾರ್ಡಿನಲ್ಲಿ ಆರಿಸಿ ಬಂದವರು ಒಬ್ಬರೂ ಇರಲಿಲ್ಲ.

ತರೀಕೆರೆಯಲ್ಲಿ ಅಕ್ಕನ ಮಗಳಿಗೆ ಸ್ಕಾಲರ್‌ಶಿಪ್‌ಗೆ ಆದಾಯ ಪ್ರಮಾಣಪತ್ರ ಬೇಕಿತ್ತು, ಗಡುವು ದಾಟಿದರೂ ಬಂದಿಲ್ಲ. ಭಾವ ಎಂಎಲ್‌ಎ ಕೈಯಲ್ಲಿ ಒಂದು ಫೋನ್ ಮಾಡಿಸ್ತೀನಿ ಅಂದರು. ಬೇಡ ಭಾವ, ಸಕಾಲ ನಂಬರು ಹಾಕಿ, ಯಾಕೆ ತಡವಾಯಿತೆಂದು ತಾಲ್ಲೂಕು ಕಚೇರಿಯನ್ನು ವಿಚಾರಿಸಿ ಅಂತ ಎಂಎಲ್‌ಎಗೆ ಒಂದು ಪುಟ ಬರೆದು ಕೊಡಿ, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ ಅಂದೆ. ಕೊಟ್ಟು ಬಂದಿದ್ದಾರೆ. ಸೀಲು ಹಾಕಲು ಪಿಎ ಮೊದಲು ಒಪ್ಪಲಿಲ್ಲವಂತೆ, ಆಮೇಲೆ ಹಾಕಿಕೊಟ್ಟರಂತೆ. ಉತ್ತರ ಇನ್ನೂ ಬರಬೇಕು.