ನಲವತ್ತು ಜನರ ಎದುರು ಕೇಳಿದ ಪ್ರಶ್ನೆ

ಎರಡನೇ ಪೀರಿಯಡ್. 9ನೇ ತರಗತಿಯಲ್ಲಿ ಚಲನೆಯ ನಿಯಮಗಳ ಪಾಠ ನಡೆಯುತ್ತಿತ್ತು. ಕೊನೆಯ ಬೆಂಚಿನ ಹುಡುಗ ಪುಸ್ತಕದ ಮೇಲೆ ತಲೆಯಿಟ್ಟು ಮಲಗಿಬಿಟ್ಟಿದ್ದ. ಆ ವಾರದಲ್ಲಿ ಅದು ಮೂರನೇ ಸಲ. ನಾನು ಬೋರ್ಡಿನ ಹತ್ತಿರದಿಂದಲೇ ಅವನ ಹೆಸರು ಕೂಗಿದೆ. ‘ರಾತ್ರಿಯೆಲ್ಲಾ ಏನು ಮಾಡ್ತಿದ್ದೆ? ಮೊಬೈಲಾ?’ ಅಂತ ಕೇಳಿದೆ. ತರಗತಿ ಗೊಳ್ಳೆಂದು ನಕ್ಕಿತು. ಅವನು ಕಣ್ಣುಜ್ಜಿಕೊಂಡು ಎದ್ದು ನಿಂತ. ‘ಏನಾದ್ರೂ ಮಾಡ್ತೀನಿ, ನಿಮಗೇನು?’ ಅಂದ.

ಹೊರಗೆ ಹೋಗು ಅಂದೆ. ಹೋದ. ಮಾರನೇ ದಿನದಿಂದ ನಾಲ್ಕು ದಿನ ಶಾಲೆಗೇ ಬರಲಿಲ್ಲ.

18 ವರ್ಷದಿಂದ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಎದುರುತ್ತರ ಕೇಳಿದ್ದು ಅದೇ ಮೊದಲಲ್ಲ. ಆದರೆ ಆ ಹುಡುಗ ಯಾವತ್ತೂ ಹಾಗೆ ಮಾತಾಡಿದವನಲ್ಲ. ಅದಕ್ಕೇ ಆ ಮಾತು ನನ್ನನ್ನು ಬಿಡಲಿಲ್ಲ. ಐದನೇ ದಿನ ರೆಕಾರ್ಡ್ ಪುಸ್ತಕ ಕೊಡಲು ಲ್ಯಾಬಿಗೆ ಬಂದ. ನಾನು ಟೆಸ್ಟ್ ಟ್ಯೂಬ್ ಎಣಿಸಿ ಸ್ಟ್ಯಾಂಡಿಗೆ ಇಡುತ್ತಿದ್ದೆ. ಸ್ವಲ್ಪ ಹಿಡ್ಕೋ ಅಂತ ಒಂದು ಸ್ಟ್ಯಾಂಡ್ ಅವನ ಕೈಗೆ ಕೊಟ್ಟೆ. ಇಬ್ಬರ ಕೈಯಲ್ಲೂ ಕೆಲಸ ಇತ್ತು, ಮುಖ ನೋಡಿಕೊಂಡು ಮಾತಾಡಬೇಕಿರಲಿಲ್ಲ. ಬಹುಶಃ ಅದಕ್ಕೇ ಅವನು ಬಾಯಿಬಿಟ್ಟ.

‘ಮಿಸ್, ನೀವು ಬೈದಿದ್ದಕ್ಕೆ ಬೇಜಾರಿಲ್ಲ. ಎಲ್ರೂ ನಕ್ಕರಲ್ಲ, ಅದು.’

ಆಮೇಲೆ ಉಳಿದದ್ದೂ ಹೇಳಿದ. ಅವನು ಮಲಗಿದ್ದಾಗ ಯಾರೋ ಕದ್ದು ಫೋಟೋ ತೆಗೆದಿದ್ದರು. ಸಂಜೆಯೊಳಗೆ ಅದು ಸ್ಟಿಕರ್ ಆಗಿ ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಓಡಾಡುತ್ತಿತ್ತು. ಕೆಳಗೆ ನನ್ನದೇ ಮಾತು: ‘ರಾತ್ರಿಯೆಲ್ಲಾ ಏನು ಮಾಡ್ತಿದ್ದೆ?’ ಒಂದು ಸಾಲಿನ ಗದರಿಕೆ, ಪೀರಿಯಡ್ ಮುಗಿದರೆ ಮುಗಿಯಿತು ಅಂತ ನಾನು ಅಂದುಕೊಂಡಿದ್ದೆ. ಅವನ ಪಾಲಿಗೆ ಅದು ನಾಲ್ಕು ದಿನವೂ ಮುಗಿದಿರಲಿಲ್ಲ.

ರಾತ್ರಿ ಅವನ ಕೈಯಲ್ಲಿ ಮೊಬೈಲೂ ಇರುತ್ತಿರಲಿಲ್ಲ. ಹತ್ತಕ್ಕೆ ಹಾಸಿಗೆಗೆ ಹೋಗುತ್ತಿದ್ದ. ಹನ್ನೆರಡೂವರೆ, ಒಂದರವರೆಗೂ ನಿದ್ದೆ ಹತ್ತುತ್ತಿರಲಿಲ್ಲ. ಬೆಳಿಗ್ಗೆ ಐದೂವರೆಗೆ ಎಬ್ಬಿಸುತ್ತಿದ್ದರು.

ಆವತ್ತು ಮನೆಗೆ ಬಂದು ನಿದ್ದೆಯ ಬಗ್ಗೆ ಓದಲು ಕೂತೆ. ಜೀವಶಾಸ್ತ್ರ ಹೇಳಿಕೊಡುವ ನಾನು ಇದನ್ನು ಮೊದಲೇ ತಿಳಿದುಕೊಂಡಿರಬೇಕಿತ್ತು. ಹರೆಯಕ್ಕೆ ಬಂದಾಗ ದೇಹದ ಗಡಿಯಾರವೇ ತಡವಾಗಿ ಓಡತೊಡಗುತ್ತದೆ. ನಿದ್ದೆಯ ಸೂಚನೆ ಕೊಡುವ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತದೆ, ಬೆಳಿಗ್ಗೆ ತಡವಾಗಿ ಇಳಿಯುತ್ತದೆ. ಈ ವ್ಯತ್ಯಾಸ ಎರಡು ಗಂಟೆಯವರೆಗೂ ಹೋಗಬಹುದು. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಅಮೆರಿಕದ ಮಕ್ಕಳ ವೈದ್ಯರ ಸಂಘ 2014ರಲ್ಲೇ ಈ ವಯಸ್ಸಿನವರ ಶಾಲೆ ಬೆಳಿಗ್ಗೆ 8.30ಕ್ಕಿಂತ ಮೊದಲು ಶುರುವಾಗಬಾರದು ಎಂದಿತ್ತು. ಸಿಯಾಟಲ್ ನಗರದಲ್ಲಿ 2016ರಲ್ಲಿ ಹೈಸ್ಕೂಲುಗಳ ಸಮಯವನ್ನು ಒಂದು ಗಂಟೆಯಷ್ಟು ಮುಂದಕ್ಕೆ ಹಾಕಿದರು. ಮಕ್ಕಳು ಆ ಸಮಯವನ್ನು ಸುಮ್ನೆ ಕಳೆಯಲಿಲ್ಲ. ಅಳೆದು ನೋಡಿದಾಗ ದಿನಕ್ಕೆ 34 ನಿಮಿಷ ಹೆಚ್ಚು ನಿದ್ದೆ ಮಾಡುತ್ತಿದ್ದರು.

ನಮ್ಮ ಶಾಲೆಯ ವೇಳಾಪಟ್ಟಿ ಬದಲಿಸುವುದು ನನ್ನ ಕೈಯಲ್ಲಿಲ್ಲ. ನನ್ನ ಬಾಯಿ ಮಾತ್ರ ನನ್ನ ಕೈಯಲ್ಲಿತ್ತು.

ಅವನು ‘ಎಲ್ರೂ ನಕ್ಕರಲ್ಲ’ ಅಂದದ್ದರ ಮೇಲೆ ತುಂಬಾ ದಿನ ಯೋಚಿಸಿದೆ. 1967ರಲ್ಲಿ ಡೇವಿಡ್ ಎಲ್ಕಿಂಡ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಒಂದು ಮಾತು ಹೇಳಿದ್ದರು. ಈ ವಯಸ್ಸಿನವರು ತಮ್ಮ ಸುತ್ತ ಯಾವಾಗಲೂ ಒಂದು ಕಾಲ್ಪನಿಕ ಪ್ರೇಕ್ಷಕರ ಗುಂಪು ಇದೆ ಅಂದುಕೊಳ್ಳುತ್ತಾರಂತೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ, ನನ್ನ ಮೊಡವೆ ನೋಡುತ್ತಿದ್ದಾರೆ, ನಾನು ತಡವರಿಸಿದ್ದನ್ನು ನೆನಪಿಟ್ಟುಕೊಂಡಿದ್ದಾರೆ ಅನ್ನುವ ಭಾವನೆ. ನಾವು ಚಿಕ್ಕವರಿದ್ದಾಗಲೂ ಇದು ಇತ್ತು. ಆದರೆ ಆಗ ಆ ಪ್ರೇಕ್ಷಕರು ನಿಜಕ್ಕೂ ಕಾಲ್ಪನಿಕವಾಗಿದ್ದರು. ಮನೆಗೆ ಹೋಗಿ ಬಾಗಿಲು ಹಾಕಿಕೊಂಡರೆ ಯಾರೂ ನೋಡುತ್ತಿರಲಿಲ್ಲ. ಈಗಿನ ಮಕ್ಕಳಿಗೆ ಆ ಪ್ರೇಕ್ಷಕರು ನಿಜ. ಫೋಟೋ ಇಟ್ಟುಕೊಂಡಿರುತ್ತಾರೆ, ಸ್ಟಿಕರ್ ಮಾಡುತ್ತಾರೆ, ರಾತ್ರಿ ಹನ್ನೊಂದಕ್ಕೂ ಎದ್ದಿರುತ್ತಾರೆ. ಇವತ್ತಿನ ಹದಿಹರೆಯದ ದೊಡ್ಡ ಕಷ್ಟ ಇದೇ ಅಂತ ನನಗನ್ನಿಸುತ್ತದೆ. ಓದಿನ ಒತ್ತಡಕ್ಕಿಂತಲೂ ಇದು ಜಾಸ್ತಿ.

2005ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನ್ನ ಕಣ್ಣು ತೆರೆಸಿತು. ಹದಿಹರೆಯದವರ ಕೈಗೆ ಕಾರು ಓಡಿಸುವ ಕಂಪ್ಯೂಟರ್ ಆಟ ಕೊಟ್ಟಿದ್ದರು. ಒಬ್ಬರೇ ಆಡುವಾಗ ಅವರು ತಕ್ಕಮಟ್ಟಿಗೆ ಹುಷಾರಾಗಿಯೇ ಇದ್ದರು. ಗೆಳೆಯರು ಪಕ್ಕದಲ್ಲಿದ್ದಾಗ ಅಪಾಯಕ್ಕೆ ಕೈಹಾಕುವುದು ತುಂಬಾ ಹೆಚ್ಚಾಯಿತು. ದೊಡ್ಡವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಮುಂದೇನಾಗುತ್ತದೆ ಅಂತ ಯೋಚಿಸಿ ತಡೆಹಿಡಿಯುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದಕ್ಕೆ 25ರ ಆಸುಪಾಸು ಆಗಬೇಕು. ಹಾಗಾದರೆ ‘ನಿಮಗೇನು?’ ಅಂದ ಹುಡುಗ ನನಗೆ ಉತ್ತರ ಕೊಟ್ಟಿರಲೇ ಇಲ್ಲ. ನಗುತ್ತಿದ್ದವರಿಗೆ ಕೊಟ್ಟಿದ್ದ.

ಇನ್ನೊಂದು ಮಾತನ್ನು ಒಪ್ಪಿಕೊಳ್ಳಬೇಕು. ಆ ಪ್ರಶ್ನೆಯನ್ನು ನಾನೂ ಅವನಿಗೆ ಕೇಳಿರಲಿಲ್ಲ. ಉಳಿದವರಿಗೆ ಕೇಳಲಿ ಅಂತ ಕೂಗಿದ್ದೆ. ಇವನನ್ನು ಬಿಟ್ಟರೆ ನಾಳೆ ಇನ್ನೂ ಮೂವರು ಮಲಗುತ್ತಾರೆ, ತರಗತಿ ಕೈತಪ್ಪುತ್ತದೆ, ಕಾರಿಡಾರಿನಲ್ಲಿ ಹೋಗುವ ಮುಖ್ಯೋಪಾಧ್ಯಾಯರ ಕಣ್ಣಿಗೆ ಬೀಳುತ್ತದೆ ಅನ್ನುವ ಭಯ ನನ್ನೊಳಗಿತ್ತು. ಅವನನ್ನು ನಲವತ್ತು ಜನ ನೋಡುತ್ತಿದ್ದರು. ನನ್ನನ್ನೂ ಅದೇ ನಲವತ್ತು ಜನ ನೋಡುತ್ತಿದ್ದರು.

ಶಿಕ್ಷಕರ ಕಷ್ಟದ ಬಗ್ಗೆ ಮಾತಾಡುವಾಗ ಇದನ್ನು ಯಾರೂ ಹೇಳುವುದಿಲ್ಲ. ದಿನಕ್ಕೆ ಐದು ಪೀರಿಯಡ್, ಒಂದೊಂದರಲ್ಲೂ 40 ಮಕ್ಕಳು ಅಂದರೆ 200 ಮುಖ. ಫಲಿತಾಂಶದ ಶೇಕಡಾವಾರು ಪಟ್ಟಿ ಸ್ಟಾಫ್ ರೂಮಿನ ಗೋಡೆಯ ಮೇಲೆ. ಪೋಷಕರ ಗುಂಪಿನಲ್ಲಿ ರಾತ್ರಿ ಹತ್ತಕ್ಕೆ ಮೆಸೇಜು. ಯಾವ ಮಾತು ಯಾವಾಗ ರೆಕಾರ್ಡ್ ಆಗುತ್ತದೋ ಅನ್ನುವ ಅಳುಕು. ನನ್ನ ಜೊತೆ ಕೆಲಸಕ್ಕೆ ಸೇರಿದ್ದ ಇಬ್ಬರು ಒಳ್ಳೆಯ ಟೀಚರುಗಳು ಈಗ ಈ ಕೆಲಸದಲ್ಲಿಲ್ಲ. ಅವರಿಗೆ ಮಕ್ಕಳ ಮೇಲೆ ಪ್ರೀತಿ ಕಡಿಮೆಯಾಗಿರಲಿಲ್ಲ, ಸುಸ್ತಾಗಿತ್ತು. ಭಯದಲ್ಲಿರುವ ಶಿಕ್ಷಕರು ಎಲ್ಲರೆದುರು ಗದರುತ್ತಾರೆ. ಭಯದಲ್ಲಿರುವ ಮಕ್ಕಳು ಎಲ್ಲರೆದುರು ತಿರುಗಿ ಬೀಳುತ್ತಾರೆ.

ನಾನು ಮೊದಲು ಬದಲಿಸಿದ್ದು ತೀರಾ ಚಿಕ್ಕ ವಿಷಯ. ಯಾರಾದರೂ ತೂಕಡಿಸಿದರೆ ಪಾಠ ಹೇಳುತ್ತಲೇ ನಡೆದು ಹೋಗಿ ಅವರ ಬೆಂಚಿನ ಮೇಲೆ ಒಂದು ಬೆರಳಿಡುತ್ತೇನೆ. ಮಾತಿಲ್ಲ, ಹೆಸರಿಲ್ಲ. ‘ಎದ್ದು ಮುಖ ತೊಳೆದು ಬಾ, ನನ್ನ ಅನುಮತಿ ಕೇಳಬೇಕಾಗಿಲ್ಲ’ ಅಂತ ಅದರ ಅರ್ಥ. ವರ್ಷದ ಮೊದಲ ವಾರದಲ್ಲೇ ಇದನ್ನು ಇಡೀ ತರಗತಿಗೆ ಹೇಳಿಬಿಡುತ್ತೇನೆ. ‘ಹೋಂವರ್ಕ್ ಯಾಕೆ ಮಾಡಿಲ್ಲ?’, ‘ಮನೆಯಲ್ಲಿ ಏನಾಯ್ತು?’, ‘ಮಾರ್ಕ್ಸ್ ಯಾಕೆ ಬಿತ್ತು?’ ಇಂಥ ಯಾವ ಪ್ರಶ್ನೆಯನ್ನೂ ಎಲ್ಲರೆದುರು ಕೇಳುವುದಿಲ್ಲ. ಕಾರಿಡಾರಿನಲ್ಲಿ ನಡೆಯುತ್ತಾ ಕೇಳುತ್ತೇನೆ, ಅಥವಾ ಪುಸ್ತಕದೊಳಗೆ ಚೀಟಿ ಇಡುತ್ತೇನೆ.

ಒಂದು ವಿನಾಯಿತಿ ಇದೆ. ಒಬ್ಬರು ಇನ್ನೊಬ್ಬರನ್ನು ಅಣಕಿಸಿದರೆ ಅಲ್ಲೇ, ಎಲ್ಲರಿಗೂ ಕೇಳುವಂತೆ ನಿಲ್ಲಿಸುತ್ತೇನೆ. ಅವಮಾನ ಎಲ್ಲರೆದುರು ಆಗಿದ್ದರೆ ಅದನ್ನು ತಡೆಯುವ ಮಾತೂ ಎಲ್ಲರೆದುರೇ ಬರಬೇಕು. ಅಣಕಿಸಿದವರ ಜೊತೆ ಉಳಿದ ಮಾತು ಆಮೇಲೆ, ಒಬ್ಬರೇ ಸಿಕ್ಕಾಗ.

ಪ್ರಶ್ನೆ ಕೇಳುವ ರೀತಿಯೂ ಬದಲಾಯಿತು. ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಲೆಕ್ಕ ಹಾಕಿದ್ದರು. ಶಿಕ್ಷಕರು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದು ಸುಮಾರು ಒಂದೇ ಸೆಕೆಂಡು! ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ‘ಗೊತ್ತಿಲ್ಲ’ ಅನ್ನುವುದು ಕಡಿಮೆಯಾಗುತ್ತದೆ, ಸುಮ್ಮನಿರುವ ಮಕ್ಕಳೂ ಬಾಯಿಬಿಡುತ್ತಾರೆ. ನಾನು ಮನಸ್ಸಿನಲ್ಲೇ ಎಣಿಸಲು ಶುರುಮಾಡಿದೆ. ಮೂರು ಸೆಕೆಂಡಿನ ಮೌನ ಎಷ್ಟು ಉದ್ದ ಅನ್ನುವುದು ಬೋರ್ಡಿನ ಮುಂದೆ ನಿಂತವರಿಗೇ ಗೊತ್ತು. ಈಗ ಇನ್ನೊಂದು ಹೆಜ್ಜೆ ಸೇರಿಸಿದ್ದೇನೆ: ಮೊದಲು ಪಕ್ಕದವರಿಗೆ ಉತ್ತರ ಹೇಳಿ, ಆಮೇಲೆ ಎಲ್ಲರಿಗೂ. ಒಬ್ಬರ ಮುಂದೆ ತಪ್ಪಾದರೆ ಅಂಥ ಭಯ ಇರುವುದಿಲ್ಲ.

ಉತ್ತರ ಪತ್ರಿಕೆ ಕೊಡುವಾಗ ಹೆಸರು, ಅಂಕ ಕೂಗುವುದನ್ನು ಪೂರ್ತಿ ಬಿಟ್ಟೆ. ಯೂನಿಟ್ ಟೆಸ್ಟುಗಳಲ್ಲಿ ಮೊದಲು ನನ್ನ ಟಿಪ್ಪಣಿ ಇರುವ ಹಾಳೆ ಕೊಡುತ್ತೇನೆ, ಎರಡು ದಿನ ಬಿಟ್ಟು ಅಂಕ. ರೂತ್ ಬಟ್ಲರ್ ಎಂಬ ಸಂಶೋಧಕಿ 1988ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬರೀ ಟಿಪ್ಪಣಿ ಸಿಕ್ಕ ಮಕ್ಕಳು ಮುಂದಿನ ಕೆಲಸದಲ್ಲಿ ಸುಧಾರಿಸಿದ್ದರು. ಟಿಪ್ಪಣಿಯ ಜೊತೆಗೆ ಅಂಕವನ್ನೂ ಕೊಟ್ಟರೆ ಆ ಲಾಭ ಹೋಗಿಬಿಟ್ಟಿತ್ತು. ಅಂಕ ಕಂಡ ತಕ್ಷಣ ಕಣ್ಣು ಪಕ್ಕದವರ ಹಾಳೆಗೆ ಹೋಗುತ್ತದೆ ಅಲ್ವಾ? ನನ್ನ ತರಗತಿಯಲ್ಲಿ ಇದಕ್ಕೆ ಮೊದಲ ತಿಂಗಳು ಮಕ್ಕಳೂ ಪೋಷಕರೂ ಗೊಣಗಿದರು. ಮುಂದಿನ ತಿಂಗಳಿಂದ ಕೆಲವರು ತಪ್ಪಾದ ಲೆಕ್ಕವನ್ನು ತಾವೇ ಮತ್ತೆ ಮಾಡಿ ತಂದು ತೋರಿಸಿದರು. ಎಲ್ಲರೂ ಅಲ್ಲ, ಏಳೆಂಟು ಜನ.

ಮೊಬೈಲಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ತರಗತಿಯೊಳಗೆ ಅದು ಬೇಡ ಅನ್ನುವ ಕಡೆ ನಾನಿದ್ದೇನೆ. ಒಮ್ಮೆ ಗಮನ ತಪ್ಪಿದರೆ ಮತ್ತೆ ಪಾಠಕ್ಕೆ ಮರಳಲು 20 ನಿಮಿಷದವರೆಗೂ ಬೇಕಾಗಬಹುದು ಅಂತ ಯುನೆಸ್ಕೊದ 2023ರ ವರದಿ ಹೇಳಿತ್ತು. ಪೀರಿಯಡ್ ಇರುವುದೇ 40 ನಿಮಿಷ.

ಎಐ ವಿಷಯ ಬೇರೆ. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರಿನಲ್ಲಿ. ಅದಾಗಿ ಎರಡು ವರ್ಷದೊಳಗೆ ನನ್ನ ಮೇಜಿನ ಮೇಲೆ ಬರುವ ಪ್ರಾಜೆಕ್ಟುಗಳ ಭಾಷೆ ಒಂದೇ ಥರ ಆಗಿಹೋಯಿತು. ಒಬ್ಬ ಹುಡುಗಿ ದ್ಯುತಿಸಂಶ್ಲೇಷಣೆ ಬಗ್ಗೆ ನಾಲ್ಕು ಪುಟ ತಂದಳು, ಒಂದು ತಪ್ಪೂ ಇರಲಿಲ್ಲ. ಮೊದಲಿನ ನಾನಾಗಿದ್ದರೆ ತರಗತಿಯಲ್ಲೇ ಎಬ್ಬಿಸಿ ವಿವರಿಸು ಅನ್ನುತ್ತಿದ್ದೆ. ಈ ಸಲ ಲ್ಯಾಬಿಗೆ ಕರೆದು, ನಿನ್ನ ಮಾತಲ್ಲಿ ಹೇಳು, ತಪ್ಪಾದರೂ ಪರವಾಗಿಲ್ಲ ಅಂದೆ. ತಡವರಿಸುತ್ತಾ ಹೇಳಿದಳು. ಅರ್ಧಕ್ಕಿಂತ ಜಾಸ್ತಿ ಅವಳಿಗೆ ಗೊತ್ತಿತ್ತು. ಹಾಗಾದರೆ ಯಾಕೆ ಅಂತ ಕೇಳಿದೆ. ‘ಹೋದ ವರ್ಷ ನನ್ನ ಪ್ರಬಂಧದ ತಪ್ಪುಗಳನ್ನ ತರಗತಿಯಲ್ಲಿ ಓದಿ ತೋರಿಸಿದ್ರು, ಮಿಸ್’ ಅಂದಳು. ಸೋಮಾರಿತನಕ್ಕೆ ನಕಲು ಮಾಡುವವರು ಇದ್ದಾರೆ. ಆದರೆ ನಾಚಿಕೆಗೆ ಹೆದರಿ ಮಾಡುವವರೂ ಇದ್ದಾರೆ ಅಂತ ನನಗೆ ಆವತ್ತೇ ಗೊತ್ತಾದದ್ದು. ಈಗ ಪ್ರಾಜೆಕ್ಟಿನ ಮೊದಲ ಕರಡನ್ನು ತರಗತಿಯಲ್ಲೇ, ಕೈಬರಹದಲ್ಲಿ ಬರೆಸುತ್ತೇನೆ. ಕರಡಿಗೆ ಅಂಕ ಇಲ್ಲ, ನನ್ನನ್ನು ಬಿಟ್ಟು ಯಾರೂ ಓದುವುದಿಲ್ಲ.

ಒಬ್ಬೊಬ್ಬರ ಜೊತೆ ಮಾತಾಡಲು ಶುರುಮಾಡಿದರೆ ಭಾರವಾದ ಮಾತುಗಳೂ ಬರುತ್ತವೆ. 10ರಿಂದ 19 ವರ್ಷದವರಲ್ಲಿ ಏಳು ಜನರಲ್ಲಿ ಒಬ್ಬರಿಗೆ ಮಾನಸಿಕ ಆರೋಗ್ಯದ ತೊಂದರೆ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. 40 ಜನರ ತರಗತಿಯಲ್ಲಿ ಐದಾರು ಮಕ್ಕಳು. ‘ಯಾರಿಗೂ ಹೇಳಲ್ಲ ಅಂತ ಮಾತು ಕೊಡಿ’ ಅಂತ ಮೊದಲೇ ಕೇಳುತ್ತಾರೆ. ನಾನು ಆ ಮಾತು ಕೊಡುವುದಿಲ್ಲ. ‘ನಿನ್ನ ಜೀವಕ್ಕೆ ತೊಂದರೆ ಇದೆ ಅನ್ನಿಸಿದರೆ ಸಹಾಯ ಮಾಡಬಲ್ಲವರಿಗೆ ಹೇಳ್ತೀನಿ. ಆದರೆ ಯಾರಿಗೆ ಹೇಳ್ತೀನಿ ಅಂತ ಮೊದಲು ನಿನಗೆ ಹೇಳ್ತೀನಿ’ ಅನ್ನುತ್ತೇನೆ. ಇಷ್ಟು ಹೇಳಿದ ಮೇಲೆ ಎದ್ದು ಹೋದವರು ಇಲ್ಲಿಯವರೆಗೆ ಒಬ್ಬರೇ. ಅವಳೂ ಮೂರು ದಿನ ಬಿಟ್ಟು ತಾನೇ ಬಂದಳು. ಅವಳನ್ನು ಆಪ್ತಸಮಾಲೋಚಕರ ಹತ್ತಿರ ನಾನೇ ಕರೆದುಕೊಂಡು ಹೋದೆ. ನಾನು ಟೀಚರ್, ವೈದ್ಯೆಯಲ್ಲ. ಕೇಳಿಸಿಕೊಳ್ಳಬಲ್ಲೆ, ಸರಿಯಾದ ಬಾಗಿಲಿನವರೆಗೆ ಜೊತೆಗೆ ನಡೆಯಬಲ್ಲೆ.

ಇದಕ್ಕೆಲ್ಲ ಸಮಯ ಎಲ್ಲಿ ಸಿಗುತ್ತದೆ ಅಂತ ಸ್ಟಾಫ್ ರೂಮಿನಲ್ಲಿ ಕೇಳುತ್ತಾರೆ. ಸರಿಯಾದ ಪ್ರಶ್ನೆಯೇ. ನನಗೂ ಪೂರ್ತಿ ಸಿಗುವುದಿಲ್ಲ. ಪರೀಕ್ಷೆಯ ತಿಂಗಳಲ್ಲಿ ಮೂರು ಸೆಕೆಂಡು ಮತ್ತೆ ಒಂದಕ್ಕೆ ಇಳಿಯುತ್ತದೆ. ಹೋದ ಮಾರ್ಚಿನಲ್ಲಿ ಒಬ್ಬ ಹುಡುಗನ ಮೇಲೆ ಎಲ್ಲರೆದುರೇ ಸಿಡುಕಿದೆ. ಮಾರನೇ ದಿನ ಎಲ್ಲರೆದುರೇ ಅವನ ಕ್ಷಮೆ ಕೇಳಿದೆ. ತರಗತಿ ಕೈತಪ್ಪಲಿಲ್ಲ.

ಮೊದಲಿನ ಆ ಹುಡುಗ ಈಗ 10ನೇ ತರಗತಿ. ಕೊನೆಯ ಬೆಂಚು ಬಿಟ್ಟಿಲ್ಲ. ಶಾಲೆಯ ಗಂಟೆಯೂ ಬದಲಾಗಿಲ್ಲ, ಎರಡನೇ ಪೀರಿಯಡ್‌ನಲ್ಲಿ ಅವನ ಕಣ್ಣು ಈಗಲೂ ಎಳೆಯುತ್ತವೆ. ಹೋದ ಮಂಗಳವಾರ ವಿದ್ಯುತ್ ಪಾಠ ಹೇಳುತ್ತಾ ಹೋಗಿ ಅವನ ಬೆಂಚಿನ ಮೇಲೆ ಬೆರಳಿಟ್ಟೆ. ಎದ್ದ. ಹೋಗಿ ಮುಖ ತೊಳೆದು ಬಂದು ಕೂತ. ಪಕ್ಕದವನ ನೋಟ್ಸ್ ನೋಡಿ ತಪ್ಪಿಹೋದ ಎರಡು ಸಾಲು ಬರೆದುಕೊಂಡ. ಯಾರೂ ತಿರುಗಿ ನೋಡಲಿಲ್ಲ.